ಗಟ್ಟಿ ಬೆಲ್ಲದ ಪರಮಶಿವಪ್ಪ

ಉಡುತಡಿಯ ಪರಮಶಿವಪ್ಪ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವರು. ಕುದಿಯುವ ಕೊಪ್ಪರಿಗೆಯಿಂದ ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹಿಸುಕಿ, "ಇಳಿಸ್ರಿ" ಅಂದರೆ ಮುಗಿಯಿತು, ಎದುರು ಮಾತಿಲ್ಲ. ಬೆಲ್ಲ ಗಟ್ಟಿ ಇರಬೇಕು ಎಂಬುದೊಂದೇ ಅವರ ಹಟ. ಮೆತ್ತನೆಯ ಅಚ್ಚು ಕಂಡರೆ ಮೈಯೆಲ್ಲ ಉರಿದು, "ಮೊದಲ್ನೇ ಮಳೆಗೇ ಕರಗಿ ಹೋಗ್ತತಿ ಇದು" ಎಂದು ಬೈಯುತ್ತಿದ್ದರು.

ಹೋದ ವರ್ಷ ಅವರ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಆಪರೇಷನ್ ಮಾಡಿ ತೆಗೆದರು. ಗಡ್ಡೆ ಹೋಯಿತು, ಮತ್ತೆ ಬರಬಹುದು ಎಂಬ ಮಾತು ಮಾತ್ರ ಮನೆಯಲ್ಲೇ ಉಳಿಯಿತು. ಅಂದಿನಿಂದ ಹೆಂಡತಿ ನೀಲಾಂಬಿಕ ಬೆಳಗಿನ ಹೊತ್ತು ಕಂಬಳಿ ಸರಿಮಾಡುವ ನೆಪದಲ್ಲಿ ಗಂಡನ ಬಲಪಕ್ಕೆಯ ಕೆಳಗೆ ಮೆಲ್ಲಗೆ ಒತ್ತಿ ನೋಡುತ್ತಿದ್ದರು. ಪರಮಶಿವಪ್ಪ ನಿದ್ದೆ ಬಂದವರಂತೆ ಬಿದ್ದುಕೊಂಡಿರುತ್ತಿದ್ದರು. ಆ ವಿಷಯ ಎತ್ತುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಈ ಸಲ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೊಸದೊಂದು ಸ್ಕ್ಯಾನ್. ಡಾಕ್ಟರ್ ಶೃತಿ ಪಕ್ಕೆಗೆ ತಣ್ಣನೆಯ ಜೆಲ್ ಹಚ್ಚಿದರು.

"ಉಸಿರು ಹಿಡೀರಿ ಯಜಮಾನ್ರೇ. ಮಷೀನು ಶಬ್ದದಿಂದ ಒಳಗೆ ಸಣ್ಣಗೆ ತಟ್ಟುತ್ತೆ. ಅಲೆ ಎಷ್ಟು ಬೇಗ ಓಡುತ್ತೆ ಅಂತ ನೋಡಿದ್ರೆ ಲಿವರ್ ಗಟ್ಟಿಯೋ ಮೆತ್ತಗೋ ಗೊತ್ತಾಗುತ್ತೆ. ಗಡ್ಡೆ ಮತ್ತೆ ಬರೋ ಅಂದಾಜೂ ಸಿಗುತ್ತೆ."

ಪರಮಶಿವಪ್ಪ ಬೆರಗಾಗಿ ಪರದೆಯನ್ನೇ ನೋಡಿದರು. ಚರ್ಮ ಕೊಯ್ಯದೆ, ಕೈ ಹಾಕದೆ ಒಳಗಿನ ಹದ ನೋಡುವುದೆಂದರೇನು! ಇಷ್ಟು ವರ್ಷ ತಾವು ಬೆರಳಲ್ಲಿ ಮಾಡಿದ್ದನ್ನು ಇಲ್ಲಿ ಕಿವಿಗೂ ಕೇಳದ ಶಬ್ದವೊಂದು ಮಾಡುತ್ತಿತ್ತು. ಮೈ ಜುಮ್ಮೆಂದು, ಮಲಗಿದಲ್ಲೇ ಕೈ ಮುಗಿಯಲು ಹೋಗಿ, "ಅಲುಗಾಡಬೇಡಿ" ಎಂದು ಬೈಸಿಕೊಂಡರು.

"ಮೆತ್ತಗಿದೆ," ಎಂದರು ಡಾಕ್ಟರ್.

ಪರಮಶಿವಪ್ಪ ಪರದೆಯಿಂದ ಕಣ್ಣು ಕಿತ್ತು ಡಾಕ್ಟರ ಮುಖ ನೋಡಿದರು. "ಹಂಗಾರೆ ನಾನು ಬಾಳಿಕೆ ಬರಲ್ಲೇನ್ರೀ ಮೇಡಂ?"

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲೇ ನಿಂತಿದ್ದ ನೀಲಾಂಬಿಕ ಬಾಯಿ ಹಾಕಿದರು: "ಇವ್ರು ಬೆಲ್ಲದ ಲೆಕ್ಕ ಹಾಕ್ತಾರ್ರೀ. ಮೆತ್ತಗಿದ್ರೆ ಕೆಡ್ತತಿ ಅಂತ."

ಡಾಕ್ಟರ್ ನಕ್ಕುಬಿಟ್ಟರು. "ಲಿವರಿಗೆ ಉಲ್ಟಾ ಲೆಕ್ಕ. ಗಟ್ಟಿಯಾದ್ರೇ ಭಯ. ಮೆತ್ತಗಿದ್ರೆ ಮತ್ತೆ ಬರೋ ಸಾಧ್ಯತೆ ಕಡಿಮೆ. ಬರೋದೇ ಇಲ್ಲ ಅಂತ ಹೇಳೋಕಾಗಲ್ಲ, ತಪ್ಪದೆ ತೋರಿಸ್ತಾ ಇರಿ."

ಊರಿಗೆ ಮರಳುವಾಗ ಶಿಕಾರಿಪುರದ ಬಸ್ಸಿನಲ್ಲಿ ಪರಮಶಿವಪ್ಪ ಪಕ್ಕದವರಿಗೆಲ್ಲ ಆ ಶಬ್ದದ ವಿಷಯ ಹೇಳಿದ್ದೇ ಹೇಳಿದ್ದು. ಜನ್ಮವಿಡೀ ಬೈದ ಮೆತ್ತನೆಯ ಗುಣವೇ ತಮ್ಮನ್ನು ಕಾಯುತ್ತಿದೆ ಎಂಬುದನ್ನು ಮಾತ್ರ ಹೇಳಲು ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ಕಂಬಳಿಯೊಳಗೆ ಆ ಕೈ ಎಂದಿನಂತೆ ಬಂತು. ಪರಮಶಿವಪ್ಪ ನಿದ್ದೆಯ ನಾಟಕ ಆಡಲಿಲ್ಲ. ಆ ಕೈಯ ಮೇಲೆ ತಮ್ಮ ಕೈಯಿಟ್ಟರು.

"ಹೆದರ್ಕೋಬೇಡ, ಸರಿಯಾಗಿ ಒತ್ತಿ ನೋಡು. ಮೆತ್ತಗೈತಿ."

ನೀಲಾಂಬಿಕ ಕೈ ತೆಗೆಯದೆಯೇ ಅತ್ತರು.