ರಮ್ಯ ಆರಿಸಿದ ಬ್ಯಾಂಕು

ಬಾಗಿಲಿಂದ ವಾಪಸ್ ಕಳಿಸಿದ ಬ್ಯಾಂಕೇ ಬೇಕು ಎಂದು ಹಟ ಹಿಡಿದ ಗಿರಾಕಿಯನ್ನು ನೀವೆಲ್ಲಾದರೂ ನೋಡಿದ್ದೀರಾ?

ನಾನು ನೋಡಿದೆ. ಹೋದ ತಿಂಗಳು, ತುರುವೇಕೆರೆಯಲ್ಲಿ. ಗಿರಾಕಿಗೆ ಇನ್ನೂ ಹತ್ತು ತುಂಬಿಲ್ಲ. ಎರಡು ಜಡೆ, ಕೆಂಪು ಟೇಪು, ಮುಂದಿನ ಹಲ್ಲು ಅರ್ಧ ಬಂದಿದೆ. ಹೆಸರು ರಮ್ಯ. ನನ್ನ ತಂಗಿ ಗಿರಿಜೆಯ ಮಗಳು.

(ತೆಂಗಿನ ನುಸಿ ರೋಗದ ಬಗ್ಗೆ ಈ ಅಂಕಣದಲ್ಲಿ ಇನ್ನೊಂದು ಸಲ ಬರೆಯಿರಿ ಎಂದು ಕಾರ್ಡು ಹಾಕಿದವರು ಕ್ಷಮಿಸಬೇಕು. ಈ ವಾರ ನನ್ನ ತಲೆಯಲ್ಲಿ ಬೇರೇನೂ ಇಲ್ಲ.)

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ತೋಟದಲ್ಲಿ ತಾನಾಗಿ ಬಿದ್ದ ಕಾಯಿಯನ್ನು ಮಕ್ಕಳು ಆರಿಸಿ ತಂದರೆ ಅದು ಮಕ್ಕಳದ್ದೇ. ದೊಡ್ಡವರು ಕೈ ಹಾಕುವಂತಿಲ್ಲ. ಅಟ್ಟದ ಮೇಲೆ ಅವರವರಿಗೆ ಒಂದೊಂದು ಮೂಲೆ. ವರ್ಷದ ಹತ್ತಿರ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತದೆ. ನಮ್ಮವ್ವ ಆಗಾಗ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇನ್ನೂ ಆಗಿಲ್ಲ ಸುಮ್ಕಿರ್ರೋ" ಎನ್ನುತ್ತಾಳೆ. ಮಕ್ಕಳು ಸುಮ್ಮನಿರುತ್ತಾರೆಯೇ? ಮಾರನೇ ದಿನ ಮತ್ತೆ ಅಟ್ಟ ಹತ್ತುತ್ತಾರೆ.

ಈ ಸಲ ನನ್ನ ಮಗ ಮನುವಿನ ಗುಡ್ಡೆ, ರಮ್ಯಳ ಗುಡ್ಡೆ ಎರಡೂ ನಮ್ಮ ಕೊಬ್ಬರಿಯ ಜೊತೆ ತಿಪಟೂರಿನ ಮಾರುಕಟ್ಟೆಗೆ ಹೋದವು. ಕೈಗೆ ಬಂದ ದುಡ್ಡನ್ನು ಬ್ಯಾಂಕಿಗೆ ಹಾಕಬೇಕು. ಯಾವ ಬ್ಯಾಂಕಿಗೆ?

ಶುರುವಾಯಿತು ನೋಡಿ ಪಂಚಾಯಿತಿ. ನನ್ನ ಹೆಂಡತಿಗೆ ಸೊಸೈಟಿಯೇ ಆಗಬೇಕು, ಅಲ್ಲಿ ಬಡ್ಡಿ ಒಂಚೂರು ಜಾಸ್ತಿ. ಅವ್ವನಿಗೆ ಪೋಸ್ಟಾಫೀಸು. "ಸರ್ಕಾರದ್ದು ಕಣಪ್ಪ, ಓಡೋಗಲ್ಲ" ಎಂಬುದು ಅವಳ ವಾದ. ನಾನು ತುರುವೇಕೆರೆಯ ದೊಡ್ಡ ಬ್ಯಾಂಕೇ ಸರಿ ಎಂದೆ. ಅಲ್ಲಿ ಹತ್ತು ತುಂಬಿದ ಮಕ್ಕಳು ತಮ್ಮ ಅಕೌಂಟಿಗೆ ತಾವೇ ಸೈನ್ ಹಾಕಬಹುದಂತೆ. ಮಕ್ಕಳಿಗೆ ಜವಾಬ್ದಾರಿ ಬರುತ್ತದೆ ಎಂದು ಭಾಷಣವನ್ನೂ ಮಾಡಿದೆ. (ಅಂಕಣ ಬರೆಯುವವರ ಮನೆಯವರ ಕಷ್ಟ ಅಂಕಣ ಬರೆಯುವವರ ಮನೆಯವರಿಗೇ ಗೊತ್ತು.)

ಗಿರಿಜೆ ಏನೂ ಹೇಳಲಿಲ್ಲ. ಅವಳು ಈಗ ಯಾವುದಕ್ಕೂ ಏನೂ ಹೇಳುವುದಿಲ್ಲ. ಎರಡು ವರ್ಷದ ಹಿಂದೆ ಮಗಳ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅವಳ ಗಂಡ ಶಂಕರ ಲಾರಿ ಇಟ್ಟಿದ್ದಾನೆ. ಅಮ್ಮಸಂದ್ರದಲ್ಲಿ ಬೇರೆ ಸಂಸಾರ ಹೂಡಿದ್ದಾನೆ. ಮಾಯಸಂದ್ರದ ಪಕ್ಕದ ನಮ್ಮೂರಿಗೂ ಅಮ್ಮಸಂದ್ರಕ್ಕೂ ಏನು ಸಮುದ್ರ ಅಡ್ಡ ಇದೆಯೇ? ದೇಶವೆಲ್ಲ ಲಾರಿ ಓಡಿಸುವವನಿಗೆ ಈ ದಾರಿ ಮಾತ್ರ ಎರಡು ವರ್ಷದಿಂದ ಸಿಕ್ಕಿಲ್ಲ.

ಸರಿ, ನಾಲ್ಕು ಜನ ತುರುವೇಕೆರೆಗೆ ಹೋದೆವು. ನಾನು, ಗಿರಿಜೆ, ಮಕ್ಕಳಿಬ್ಬರು. ಮನುವಿಗೆ ಹನ್ನೊಂದು. ಫಾರಂ ತುಂಬಿದ, ಬಾಲ ಎಳೆದು ಸೈನ್ ಹಾಕಿದ, ಎದೆ ಉಬ್ಬಿಸಿಕೊಂಡು ನಿಂತ. ಆಮೇಲೆ ರಮ್ಯಳ ಸರದಿ.

"ಹತ್ತು ತುಂಬಿಲ್ವಲ್ರೀ. ಗಾರ್ಡಿಯನ್ ಬೇಕು. ತಂದೆ ಎಲ್ಲಿ?" ಎಂದರು ಆಫೀಸರು.

"ತಾಯಿ ಇದ್ದಾಳೆ ಸಾರ್" ಎಂದೆ.

"ತಂದೆ ಇಲ್ವಾ?"

ಇದ್ದಾನೆ ಎನ್ನಬೇಕೋ ಇಲ್ಲ ಎನ್ನಬೇಕೋ? ಗಿರಿಜೆಯೇ ತಲೆ ತಗ್ಗಿಸಿ, "ಅವ್ರೆ" ಎಂದಳು.

"ಇದ್ರೆ ಅವರೇ ಬರ್ಬೇಕಮ್ಮ. ನಮ್ಮೆದುರಿಗೆ ಸೈನ್ ಹಾಕ್ಬೇಕು."

ನನ್ನ ತಂಗಿ ಅಪರೂಪಕ್ಕೆ ಬಾಯಿ ತೆಗೆದಳು. "ಹೆತ್ತೋಳು ನಾನು, ಸಾಕ್ತಿರೋಳು ನಾನು. ಮುಖ ತೋರಿಸ್ದೆ ಇರೋನ ಸೈನ್ ಬೇಕು, ನನ್ನದು ಬ್ಯಾಡ್ವಾ ಸಾರ್?"

ಆಫೀಸರು ಕೆಟ್ಟವರಲ್ಲ. ಪೆಚ್ಚಾದರು. ಆದರೂ "ರೂಲ್ಸಮ್ಮ" ಎಂದರು. ರೂಲ್ ಬುಕ್ಕಿನಲ್ಲಿ ಏನಿದೆಯೋ ನಾನು ಓದಿಲ್ಲ. ಎದುರಿಗೆ ನಿಂತ ತಾಯಿ ಸಾಲದು, ಓಡಿಹೋದ ತಂದೆಯೇ ಬೇಕು ಎನ್ನುವ ನಿಯಮವನ್ನು ಯಾವ ಪುಣ್ಯಾತ್ಮ ಕೂತು ಬರೆದನೋ, ಅವನಿಗೊಂದು ನಮಸ್ಕಾರ. ನಾನು ನಾಲ್ಕು ಮಾತು ಗಟ್ಟಿಯಾಗಿಯೇ ಆಡಿ ಹೊರಗೆ ಬಂದೆ.

ಹೋಗಲಿ, ಪೋಸ್ಟಾಫೀಸು ಇದೆಯಲ್ಲ. ಅಲ್ಲಿ ಯಾರೂ ತಂದೆಯನ್ನು ಕೇಳಲಿಲ್ಲ. "ತಾಯಿ ಸೈನ್ ಹಾಕ್ಲಿ ಬಿಡಿ" ಎಂದು ಫಾರಂ ಕೊಟ್ಟರು. ಗಿರಿಜೆ ಪೆನ್ನು ತೆಗೆದುಕೊಂಡಳು. ಆಗ ರಮ್ಯ ಫಾರಂ ಮೇಲೆ ಕೈ ಇಟ್ಟಳು.

"ಇಲ್ಲಿ ಬ್ಯಾಡ. ನಂಗೆ ಆ ಬ್ಯಾಂಕೇ ಬೇಕು."

ಮನುವಿಗೆ ಸಿಕ್ಕಿದ್ದು ತನಗೂ ಬೇಕು ಎಂಬ ಹಟ ಎಂದುಕೊಂಡೆವು. ಪುಸಲಾಯಿಸಿದೆ. ಬೇಕರಿಯ ಆಸೆ ತೋರಿಸಿದೆ. ಇಲ್ಲಿ ಬಡ್ಡಿ ಹೆಚ್ಚು ಎಂದೆ (ಒಂಬತ್ತು ವರ್ಷದವರಿಗೆ ಬಡ್ಡಿಯ ಆಸೆ ತೋರಿಸುವ ಮೂರ್ಖ ನಾನೊಬ್ಬನೇ ಇರಬೇಕು). ಜಗ್ಗಲಿಲ್ಲ. ಗಿರಿಜೆಗೆ ಎಲ್ಲಿತ್ತೋ ಸಿಟ್ಟು, ಮಗಳ ಬೆನ್ನಿಗೆ ಒಂದು ಗುದ್ದಿದಳು. ಹುಡುಗಿ ಅಳಲಿಲ್ಲ. ಫಾರಂ ಮೇಲಿನ ಕೈಯನ್ನೂ ತೆಗೆಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ತಾಯಿ ಮುಂದೆ ಕೂತಿದ್ದಳು. ರಮ್ಯ ನನ್ನ ಪಕ್ಕದಲ್ಲಿ. ಅರ್ಧ ದಾರಿಯವರೆಗೂ ಕಿಟಕಿಯ ಆಚೆ ನೋಡುತ್ತಿದ್ದವಳು ನನ್ನ ಕಿವಿಗೆ ಬಾಯಿ ತಂದಳು.

"ಮಾವ, ಆ ಬ್ಯಾಂಕ್ನೋರು ಹೇಳುದ್ರೆ ಅಪ್ಪ ಬರ್ಲೇಬೇಕು ಅಲ್ವಾ? ಬರಲ್ಲ ಅನ್ನಂಗಿಲ್ಲ ಅಲ್ವಾ?"

ನಾವು ಬಡ್ಡಿ ನೋಡಿದೆವು, ಭದ್ರತೆ ನೋಡಿದೆವು. ಅವಳು ನೋಡಿದ್ದೇ ಬೇರೆ. ನಾವೆಲ್ಲ ಬೈದು ಬಂದ ಆ ನಿಯಮ ಇದೆಯಲ್ಲ, ಅದೊಂದಕ್ಕಾಗಿಯೇ ಅವಳಿಗೆ ಆ ಬ್ಯಾಂಕು ಬೇಕಾಗಿತ್ತು. ಎರಡು ವರ್ಷದಲ್ಲಿ ಅವಳ ಅಪ್ಪನನ್ನು ಕರೆಸುತ್ತೇನೆ ಎಂದವರು ನಮ್ಮಲ್ಲಿ ಯಾರಿದ್ದರು? ಆ ಆಫೀಸರೊಬ್ಬರೇ. ಬಸ್ಸಿನಲ್ಲಿ ಅಷ್ಟು ಜನರ ಮಧ್ಯೆ ಕಣ್ಣೊರೆಸಿಕೊಂಡೆ, ನಾಚಿಕೆ ಏನು ಬಂತು.

ಗಿರಿಜೆಗೆ ಹೇಳದೆ ಮಾರನೇ ದಿನ ಅಮ್ಮಸಂದ್ರಕ್ಕೆ ಹೋದೆ. ಶಂಕರ ಗ್ಯಾರೇಜಿನಲ್ಲಿ ಲಾರಿಯ ಪಕ್ಕ ನಿಂತಿದ್ದ. ನನ್ನ ಕೈಯಲ್ಲಿನ ಕಾಗದ ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಏನ್ ಭಾವ, ಕೋರ್ಟಿಂದಾ?"

"ಬ್ಯಾಂಕಿಂದು. ನಿನ್ನ ಮಗಳ ಅಕೌಂಟು" ಎಂದು ಫಾರಂ ಅವನ ಕೈಗಿಟ್ಟೆ. ಅವನಿಗೆ ಹೋದ ಉಸಿರು ಬಂದಂತಾಯಿತು. ಟೀ ತರಿಸಿದ. ಬೈಯಬೇಕೆಂದೇ ಹೋದವನು ನಾನು. ಆದರೆ ಬೈದರೆ ಇವನು ಬರುತ್ತಾನೆಯೇ? ಹಲ್ಲು ಕಚ್ಚಿಕೊಂಡು ಟೀ ಕುಡಿದೆ.

"ಸೋಮವಾರ ಹನ್ನೊಂದು ಗಂಟೆಗೆ ಬಾ. ಮಗೀನ ಕರ್ಕೊಂಡ್ ಬತ್ತೀನಿ. ಗಿರಿಜಾ ಬರಲ್ಲ, ಹೆದರ್ಬ್ಯಾಡ" ಎಂದೆ.

"ಬತ್ತೀನಿ ಬುಡಿ ಭಾವ, ನನ್ ಮಗಳಲ್ವಾ" ಎಂದ. ಟೀ ಲೋಟ ಕೆಳಗಿಟ್ಟು, "ಎತ್ತರ ಆಗವ್ಳಾ?" ಎಂದು ಕೇಳಿದ. ಆ ಒಂದು ಮಾತಿಗೆ ನಾನು ಅವನನ್ನು ಅರ್ಧ ಕ್ಷಮಿಸಿಬಿಟ್ಟೆ. ನಾವು ಗಂಡಸರು ಒಬ್ಬರನ್ನೊಬ್ಬರು ಎಷ್ಟು ಅಗ್ಗಕ್ಕೆ ಕ್ಷಮಿಸುತ್ತೇವೆ!

ಭಾನುವಾರ ರಾತ್ರಿ ಅಡುಗೆಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಗಿರಿಜೆ ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. "ಬಂದ್ರೆ ಬರ್ಲಿ ಬುಡಣ್ಣ, ಅವಳಿಗಾದ್ರೂ ಸಿಗ್ಲಿ" ಎಂದಳು. ಬೆಳಿಗ್ಗೆ ಎದ್ದು ಮಗಳಿಗೆ ತಲೆಗೆ ನೀರೆರೆದು, ಹಬ್ಬದ ಲಂಗ ಹಾಕಿ, ಕನಕಾಂಬರ ಮುಡಿಸಿ ಕಳಿಸಿದಳು. ರಮ್ಯ ಶಾಲೆಯ ಡ್ರಾಯಿಂಗ್ ಒಂದನ್ನು ಸುರುಳಿ ಸುತ್ತಿ ಹಿಡಿದುಕೊಂಡಳು. ಬಸ್ಸಿನಲ್ಲಿ ಅದು ಮುದುಡದಂತೆ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಹನ್ನೊಂದಕ್ಕೆ ಇನ್ನೂ ಕಾಲು ಗಂಟೆ ಇರುವಾಗಲೇ ಬ್ಯಾಂಕಿನಲ್ಲಿದ್ದೆವು. ಆಫೀಸರು ನಮ್ಮನ್ನು ನೋಡಿ ನಕ್ಕರು.

"ಬನ್ನಿ ಬನ್ನಿ. ನಿಮ್ಮ ಕೆಲಸ ಆಯ್ತು. ಇವರ ತಂದೆ ಬಂದಿದ್ರು. ಬಾಗಿಲು ತೆಗೀತಿದ್ದಂಗೇ ಬಂದು ಸೈನ್ ಹಾಕಿ ಹೋದ್ರು. ಏನೋ ಲೋಡ್ ಇದೆ ಅಂತ ಅವಸರದಲ್ಲಿದ್ರು."

ಹೋದ್ರು?

ಹನ್ನೊಂದು ಎಂದು ನಾನು ಬಿಡಿಸಿ ಹೇಳಿದ್ದೆ. ಅವನೂ ಸರಿಯಾಗಿಯೇ ಕೇಳಿಸಿಕೊಂಡಿದ್ದ. ಕೇಳಿಸಿಕೊಂಡಿದ್ದರಿಂದಲೇ ಹತ್ತಕ್ಕೆ ಬಂದ. ಹೆಂಡತಿ ಬರುವುದಿಲ್ಲ ಎಂದು ಧೈರ್ಯ ಹೇಳಿ ಬಂದಿದ್ದೆನಲ್ಲ, ಅವನು ಹೆದರಿದ್ದು ಹೆಂಡತಿಗಲ್ಲ. ಬಾರದೇ ಇದ್ದಿದ್ದರೆ ಬೈದು ಮರೆಯಬಹುದಿತ್ತು. ಬಂದು, ಮಗಳಿಗೆ ಮುಖ ತಪ್ಪಿಸಿಕೊಂಡು ಹೋದವನನ್ನು ಏನೆಂದು ಬೈಯುವುದು?

ರಮ್ಯ ಕೌಂಟರಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತು ಒಳಗೆ ನೋಡಿದಳು, ಒಂದು ವೇಳೆ ಅಲ್ಲೇ ಎಲ್ಲಾದರೂ ಕೂತಿದ್ದಾನೋ ಎಂಬಂತೆ. ಆಮೇಲೆ ಹಿಮ್ಮಡಿ ಊರಿ ಲಂಗ ಸರಿಮಾಡಿಕೊಂಡಳು. ಆಫೀಸರು ಹೊಸ ಪಾಸ್‌ಬುಕ್ ಅವಳ ಕೈಗಿಟ್ಟರು. ಆ ಮುಖ ನೋಡಿ ಅವರಿಗೂ ಏನೋ ಗೊತ್ತಾಗಿರಬೇಕು. ಸಮಾಧಾನ ಮಾಡಲು ಹೊರಟರು, ಪಾಪ.

"ಇನ್ನು ಮೂರು ತಿಂಗಳಿಗೆ ನಿಂಗೆ ಹತ್ತು ತುಂಬುತ್ತೆ ಪುಟ್ಟಿ. ಆಮೇಲೆ ಅಪ್ಪ ಬರೋದೇ ಬೇಡ. ನೀನೇ ಸೈನ್ ಹಾಕ್ಬೋದು."

ರಮ್ಯ ಪಾಸ್‌ಬುಕ್ಕನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ತಲೆ ಎತ್ತಿ ಅವರನ್ನೇ ಕೇಳಿದಳು:

"ಸಾರ್, ಹತ್ತು ತುಂಬೋಕ್ ಮುಂಚೆ ಇದನ್ನ ಕ್ಲೋಸ್ ಮಾಡಿದ್ರೆ, ಅದಕ್ಕೂ ಅಪ್ಪನೇ ಬರ್ಬೇಕಾ?"