ಬುಧವಾರ ಮೂರರಿಂದ ನಾಲ್ಕು

ಸಮುದ್ರವನ್ನು ನಾನು ಇದುವರೆಗೆ ನೋಡಿಲ್ಲ. ಸವದತ್ತಿಯ ಹೆಂಗಸರಲ್ಲಿ ಬಹಳ ಮಂದಿ ನೋಡಿಲ್ಲ, ಅದಕ್ಕಾಗಿ ಯಾರೂ ಕೊರಗುತ್ತಲೂ ಇಲ್ಲ. ಮಲಪ್ರಭೆಗೆ ಕಟ್ಟಿದ ಆಣೆಕಟ್ಟಿನ ಹಿನ್ನೀರು ನಮಗೆ ಸಾಕು. ಮಳೆ ಚೆನ್ನಾಗಿ ಆದ ವರ್ಷ ಆಚೆ ದಂಡೆ ಕಾಣುವುದಿಲ್ಲ, ಗಾಳಿ ಎದ್ದರೆ ತೆರೆ ಬಂದು ಕಲ್ಲಿಗೆ ಬಡಿಯುತ್ತದೆ. ಆ ದಂಡೆಯ ಮೇಲೆ ಒಂದು ಹಳೆಯ ಈಜುಗೊಳವಿತ್ತು. ಆಣೆಕಟ್ಟು ಏಳುವಾಗ ಎಂಜಿನಿಯರ್ ಸಾಹೇಬರು ಈಜಲೆಂದು ಕಟ್ಟಿಸಿಕೊಂಡದ್ದು. ಮೇಲೆ ಆಕಾಶ, ಸುತ್ತ ಎದೆಮಟ್ಟದ ಕಲ್ಲಿನ ಗೋಡೆ, ಗೋಡೆಯಾಚೆ ಹಿನ್ನೀರು. ನನ್ನ ಗಂಡ ಅಲ್ಲಿ ಪಂಪ್ ಆಪರೇಟರ್ ಆಗಿದ್ದರು.

ಈಜು ನಾನು ಕಲಿತದ್ದು ಮದುವೆಗೆ ಮೊದಲೇ, ದೊಡವಾಡದ ನಮ್ಮ ಹೊಲದ ಬಾವಿಯಲ್ಲಿ. ಅಣ್ಣನ ಹೆಂಡತಿ ನಮ್ಮ ವೈನಿ ನನ್ನ ನಡುವಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಹೇಳದೆ ಕೇಳದೆ ಹಿಂದಿನಿಂದ ನೂಕಿದ್ದಳು. ಗಂಡಸರು ಊಟಕ್ಕೆ ಹೋದ ಹೊತ್ತು ನೋಡಿ, ಬಟ್ಟೆ ಒಗೆಯಲು ಬಂದ ಹೆಂಗಸರೆಲ್ಲ ಸೀರೆಗೆ ಕಚ್ಚೆ ಹಾಕಿ ಬಾವಿಗೆ ಧುಮುಕುತ್ತಿದ್ದರು. ತಲೆ ಯಾಕೆ ಒದ್ದೆ ಎಂದು ಸಂಜೆ ಯಾರಾದರೂ ಕೇಳಿದರೆ ಬಟ್ಟೆ ಒಗೆಯುತ್ತಿದ್ದೆವು ಎನ್ನುವರು. ನಮ್ಮ ಕಡೆಯ ಹೆಂಗಸರಿಗೆ ಈಜು ಬರುತ್ತದೆ, ಬರುತ್ತದೆ ಎಂದು ಹೇಳಲು ಬರುವುದಿಲ್ಲ.

ಮದುವೆಯಾಗಿ ಬಂದ ಮೇಲೆ ಒಮ್ಮೆ ಮಾತಿನ ನಡುವೆ ಗಂಡನಿಗೆ ಇದನ್ನು ಹೇಳಿಬಿಟ್ಟೆ. ಮುಂದಿನ ಸೋಮವಾರ, ಕೊಳಕ್ಕೆ ರಜೆಯ ದಿನ, ಆತ ಬುತ್ತಿ ತಗೊಂಡು ಬಾ ಎಂದರು. ಹೋದೆ. ಗೇಟಿಗೆ ಒಳಗಿನಿಂದ ಕೀಲಿ ಹಾಕಿ, ಗೋಡೆಯ ಮೇಲೆ ನನಗೆ ಬೆನ್ನು ಮಾಡಿ ಕುಳಿತು, ಬುತ್ತಿ ಬಿಚ್ಚಿ ರೊಟ್ಟಿ ತಿನ್ನತೊಡಗಿದರು. "ಲಗೂನ ಈಸ್ಯಾಡಿ ಬಾ. ನಾ ಈ ಕಡೆ ನೋಡಕೋತ ಕುಂತಿರತೇನಿ" ಎಂದರು. ಹಾಗೆ ಎಷ್ಟೋ ಸೋಮವಾರಗಳು. ನಮಗೆ ಮಕ್ಕಳಾಗಲಿಲ್ಲ. ಹೊಲಿಗೆ ಮಷೀನು, ಸೋಮವಾರದ ನೀರು, ಆ ಬೆನ್ನು, ಇಷ್ಟರಲ್ಲೇ ನನ್ನ ಸಂಸಾರ ನಡೆಯಿತು. ಕೊರತೆ ಅನ್ನಿಸಲಿಲ್ಲ, ನಿಜ ಹೇಳುತ್ತಿದ್ದೇನೆ.

ಆತ ನಿವೃತ್ತರಾದ ಮೇಲೆ ಕೊಳ ನೋಡುವವರಿಲ್ಲದೆ ಹಾಳಾಯಿತು. ಸಿಮೆಂಟು ಬಿರುಕು ಬಿಟ್ಟು ತಳದಲ್ಲಿ ಜಾಲಿ ಬೆಳೆಯಿತು. ಆಮೇಲೆ ಆತನೂ ಹೋದರು. ಒಬ್ಬಳೇ ಇರುವವಳ ಮನೆಯಲ್ಲಿ ಏನಾಗುತ್ತದೆಂದು ಕೇಳುವವರಿಗೆ ಹೇಳುತ್ತೇನೆ: ಏನೂ ಆಗುವುದಿಲ್ಲ. ಅದೇ ತೊಂದರೆ. ಒಂದು ಕಪ್ ಚಹಾ ಇಟ್ಟರೆ ಒಂದೇ ಕಪ್. ಜಂಪರ್ ಹೊಲಿಸಲು ಬಂದವರು ಅಳತೆ ಕೊಟ್ಟು ಹೋಗುವವರೆಗೆ ಮಾತು, ಆಮೇಲೆ ಮಷೀನಿನ ಸದ್ದು. ಕೆಲವು ದಿನ ಗಿರಾಕಿಗಳ ಅಳತೆ ಬೇಕೆಂದೇ ಮರೆತು ಮತ್ತೊಮ್ಮೆ ಕರೆಸುತ್ತಿದ್ದೆ.

ಇಂಥ ಹೊತ್ತಿನಲ್ಲಿ ಕೊಳವನ್ನು ಹೊಸದಾಗಿ ಕಟ್ಟುತ್ತಾರೆಂಬ ಸುದ್ದಿ ಬಂತು. ಯಾರೋ ಗುತ್ತಿಗೆ ಹಿಡಿದಿದ್ದರು, ಊರಿನ ಕೆಲವರನ್ನು ಸೇರಿಸಿ ಕಮಿಟಿ ಮಾಡಿದ್ದರು. ಜಾಲಿ ಕಡಿದರು, ನೀಲಿ ಟೈಲ್ಸ್ ಹಚ್ಚಿದರು, ನೀರು ಸೋಸುವ ಫಿಲ್ಟರ್ ಮಷೀನು ತಂದು ಕೂಡಿಸಿದರು. ದಿನ ಬಿಟ್ಟು ದಿನ ನಾನು ಹೋಗಿ ನೋಡಿ ಬರುತ್ತಿದ್ದೆ. ಕಮಿಟಿಯವರು ಪಂಪ್ ಮನೆಯ ಮುಂದೆ ಸಭೆ ಕರೆದಾಗಲೂ ಹೋದೆ. ಗಂಡಸರೇ ತುಂಬಿದ್ದರು. ಹೆಂಗಸರಿಗೂ ಒಂದು ವೇಳೆ ಇಡಿ ಎಂದೆ.

"ನಮ್ಮ ಕಡೆ ಹೆಣ್ಣುಮಕ್ಕಳು ಎಲ್ಲಿ ಈಸ್ತಾರ್ರೀ?" ಎಂದು ಒಬ್ಬರು ನಕ್ಕರು.

"ಮನಿಗೆ ಹೋಗಿ ನಿಮ್ಮವ್ವಾರನ್ನ ಕೇಳ್ರಿ" ಎಂದೆ.

ಆಮೇಲೆ ಯಾರೂ ನಗಲಿಲ್ಲ. ಬುಧವಾರ ಮಧ್ಯಾಹ್ನ ಮೂರರಿಂದ ನಾಲ್ಕು ಹೆಂಗಸರಿಗೆ ಎಂದು ನಿರ್ಧಾರವಾಯಿತು. ಆದರೆ ಒಂದು ಕರಾರು: ಮೊದಲ ತಿಂಗಳು ಪ್ರತಿ ಬುಧವಾರ ಹತ್ತು ಮಂದಿಯಾದರೂ ನೀರಿಗಿಳಿಯಬೇಕು, ಇಲ್ಲದಿದ್ದರೆ ಆ ವೇಳೆ ರದ್ದು. ಕೂಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಬೈಲಹೊಂಗಲದಿಂದ ಬಂದಿದ್ದ ಹೊಸ ಮ್ಯಾನೇಜರರು ನಿಯಮದ ಹಾಳೆಯನ್ನೂ ನನ್ನ ಕೈಗೇ ಕೊಟ್ಟರು. "ಎಲ್ಲಾರಿಗೂ ಓದಿ ಹೇಳ್ರಿ" ಎಂದರು. ಕೊನೆಯ ಸಾಲಿನಲ್ಲಿ, ನೈಲಾನ್ ಕಾಸ್ಟ್ಯೂಮ್ ಇದ್ದವರಿಗಷ್ಟೇ ಪ್ರವೇಶ, ಸೀರೆ, ನೈಟಿ, ಯಾವುದೇ ಹತ್ತಿ ಬಟ್ಟೆಗೆ ಅವಕಾಶವಿಲ್ಲ ಎಂದಿತ್ತು. ಹತ್ತಿಯ ಎಳೆ ಬಿಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತದಂತೆ.

ಮೊದಲನೆಯ ಮನೆಯಲ್ಲಿ ಆ ಸಾಲನ್ನು ಓದಿ ಹೇಳಿದೆ. ಆ ಮನೆಯ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಚಡ್ಡಿ ಹಾಕ್ಕೊಂಡು ಈಸೂದನ? ಈ ವಯಸ್ಸಿನಾಗ ನಿಮಗ ಏನ್ ಬಂದೈತ್ರೀ?" ಎಂದು ಬಾಗಿಲು ಮುಂದೆ ಮಾಡಿದಳು. ನಾನು ಮನೆಗೆ ಬಂದು ಹಾಳೆಯನ್ನು ಮಡಿಚಿ ಮಷೀನಿನ ಡ್ರಾದಲ್ಲಿ ಇಟ್ಟೆ. ಎರಡನೆಯ ಮನೆಯಿಂದ ಮುಂದೆ ಆ ಸಾಲನ್ನು ಯಾರಿಗೂ ಹೇಳಲಿಲ್ಲ.

ನನ್ನ ಲೆಕ್ಕಾಚಾರ ಬೇರೆ ಇತ್ತು, ಅದು ನಮ್ಮ ಕಡೆಯವರೆಲ್ಲರ ಲೆಕ್ಕಾಚಾರವೇ. ನಿಯಮ ಹಾಳೆಯ ಮೇಲೆ ಇರುತ್ತದೆ, ಮಂದಿ ಬಾಗಿಲಿಗೆ ಬಂದು ನಿಂತ ಮೇಲೆ ಅದು ಸಡಿಲಾಗುತ್ತದೆ. ತುಂಬಿದ ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಆಗುತ್ತದೆ, ಊಟ ಮುಗಿದ ಮನೆಯಲ್ಲಿ ಇನ್ನೊಂದು ಎಲೆ ಬೀಳುತ್ತದೆ. ಬಂದವರನ್ನು ವಾಪಸ್ ಕಳಿಸುವ ಎದೆ ಯಾರಿಗಿದೆ? ಮೊದಲು ಎಲ್ಲರೂ ಕೂಡಿ ಹೋಗಿ ನಿಲ್ಲೋಣ, ಆಮೇಲೆ ಮಾತಾಡಿದರಾಯಿತು ಎಂದುಕೊಂಡೆ.

ಹಾಗಿದ್ದರೆ ನನಗಾಗಿ ಮಾತ್ರ ಒಂದು ಕರಿ ನೈಲಾನ್ ಕಾಸ್ಟ್ಯೂಮ್ ಯಾಕೆ ಹೊಲಿದುಕೊಂಡೆ? ಮೊಣಕೈವರೆಗೆ ತೋಳು, ಮೊಣಕಾಲು ದಾಟಿದ ಉದ್ದ, ಬಹಳ ಚಂದ ಬಂದಿತ್ತು. ಬೇಕಾದೀತು, ಇರಲಿ ಎಂದುಕೊಂಡೆ. ಇವತ್ತಿಗೂ ಇದಕ್ಕಿಂತ ನೆಟ್ಟಗಿನ ಉತ್ತರ ನನ್ನ ಹತ್ತಿರ ಇಲ್ಲ.

ಪಟ್ಟಿಗೆ ಮೊದಲು ಹೆಸರು ಕೊಟ್ಟವಳು ಒಬ್ಬ ಬಸ್ ಕಂಡಕ್ಟರ್. ರಾಮದುರ್ಗದ ಕಡೆಯ ಬೌದ್ಧ ಮನೆತನದವಳು, ಮದುವೆಯಾಗಿ ಸವದತ್ತಿಗೆ ಬಂದವಳು. ಖಾಕಿ ಅಂಗಿಯನ್ನು ಒಂದಿಷ್ಟು ಬಿಗಿ ಮಾಡಿಸಲು ನನ್ನ ಹತ್ತಿರ ಬರುತ್ತಿದ್ದಳು. ಬಂದರೆ ಕುಳಿತು ಮಾತಾಡಿ ಹೋಗುವ ಗಿರಾಕಿ ಅವಳೊಬ್ಬಳೇ. ನನ್ನ ಗ್ಯಾಸ್ ಕಟ್ಟೆಯ ಮೇಲೆ ತಾನೇ ಚಹಾ ಇಡುವಳು, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಅವಳಿಗೆ ಗೊತ್ತು. ಈಜಿನ ಮಾತು ತೆಗೆದಾಗ ಅಳತೆಗೆ ಕೈ ಚಾಚಿ ನಿಂತಿದ್ದವಳು ಹಾಗೇ ಹೇಳಿದಳು:

"ನಮ್ಮವ್ವಗ ಊರ ಬಾವಿ ಕಟ್ಟಿ ಹತ್ತಾಕ ಬಿಡತಿರಲಿಲ್ರೀ ಅಕ್ಕಾರ. ಅದಕ್ಕ ಆಕಿ ನಮ್ಮನ್ನ ಹೊಳಿಗೆ ಕರಕೊಂಡು ಹೋಗಿ ಈಸು ಕಲಿಸಿದಳು. ಹೊಳಿ ಯಾರಪ್ಪನ ಮನೀದೂ ಅಲ್ಲ ಅಂತಿದ್ಲು. ನನ್ನ ಹೆಸರು ಮೊದಲ ಬರಕೋರಿ."

ದೊಡವಾಡದ ನಮ್ಮ ಬಾವಿಯ ಕಟ್ಟೆಯನ್ನೂ ಅವಳವ್ವನಂಥವರು ಹತ್ತುತ್ತಿರಲಿಲ್ಲ. ದೂರ ನಿಂತು ಕೊಡ ಇಡುತ್ತಿದ್ದರು, ನಾವು ಮೇಲಿನಿಂದ ಸುರಿಯುತ್ತಿದ್ದೆವು. ಅದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಟೇಪಿನ ಅಂಕಿ ನೋಡುತ್ತ ನಿಂತೆ, ಆಮೇಲೆ ಅವಳ ಹೆಸರನ್ನು ದುಂಡಗೆ ಬರೆದುಕೊಂಡೆ.

ಅವಳು ಡ್ಯೂಟಿ ಬದಲಿ ಮಾಡಿಕೊಂಡು ಬುಧವಾರಕ್ಕೆ ರಜೆ ಹಾಕಿಸಿಕೊಂಡಳು. ತನ್ನ ಓಣಿಯ ನಾಲ್ವರನ್ನು ಒಪ್ಪಿಸಿದಳು. ಉಳಿದವರನ್ನು ನಾನು ಕೂಡಿಸಿದೆ. ಆ ಹದಿನೈದು ದಿನ ನನ್ನ ಮನೆ ಮನೆಯಾಗಿತ್ತು. ಸಂಜೆಯಾದರೆ ಹೆಂಗಸರು ಬಂದು ಕೂಡುವರು, ಯಾರು ಯಾವ ಬಾವಿಯಲ್ಲಿ ಕಲಿತದ್ದು, ಯಾರು ಯಾರನ್ನು ನೂಕಿದ್ದು ಎಂದು ಹೇಳಿಕೊಂಡು ಹೊಟ್ಟೆ ಹಿಡಿದು ನಗುವರು. ಎಂಟು ಕಪ್ಪು ಸಾಲದೆ ಲೋಟ ತೆಗೆದೆ. ಹಾಳೆಯ ಮಾತನ್ನು ಆಗಲಾದರೂ ಹೇಳಬಹುದಿತ್ತು. ಹೇಳಿದರೆ ನಾಳೆಯಿಂದ ಇವರು ಬರುವುದಿಲ್ಲ ಎಂಬ ಭಯ. ಡ್ರಾ ನನ್ನ ಮೊಣಕಾಲಿಗೆ ತಾಗುತ್ತಿತ್ತು, ಹೇಳಲಿಲ್ಲ.

ಬುಧವಾರ ಬಂತು. ನನ್ನನ್ನೂ ಸೇರಿಸಿ ಹನ್ನೆರಡು ಮಂದಿ ಗೇಟಿನ ಮುಂದೆ ನಿಂತೆವು. ಕೆಲವರು ಹಳೆಯ ಇಳಕಲ್ ಸೀರೆಗೆ ಮನೆಯಿಂದಲೇ ಕಚ್ಚೆ ಹಾಕಿ ಮೇಲೆ ಟವೆಲ್ ಹೊದ್ದಿದ್ದರು, ಕೆಲವರು ನೈಟಿ. ಕಂಡಕ್ಟರ್ ಹೆಣ್ಣುಮಗಳು ಮುಂದೆ ನಿಂತು ಎಲ್ಲರ ತಲೆ ಎಣಿಸುತ್ತಿದ್ದಳು, ಅವಳಿಗೆ ರೂಢಿ ಅದು. ಮ್ಯಾನೇಜರರು ಸೀಟಿ ಕೊರಳಿಗೆ ಹಾಕಿಕೊಂಡು ಬಂದು ನೋಡಿದರು, ಅವರ ಮುಖ ಇಳಿಯಿತು.

"ಹತ್ತಿ ಬಟ್ಟಿ ನಡಿಯೂದಿಲ್ರೀ. ಕಾಸ್ಟ್ಯೂಮ್ ಇದ್ದಾವ್ರು ಅಷ್ಟ ಒಳಗ ಬರ್ರಿ."

ನಾನು ಮಾತಿಗಿಳಿದೆ. ಇದೊಂದು ದಿನ ಬಿಡಿ ಎಂದೆ, ಇಷ್ಟು ಮಂದಿ ಬಂದಿದ್ದೇವೆ ನೋಡಿ ಎಂದೆ, ಹಳೆಯ ಪಂಪ್ ಆಪರೇಟರನ ಹೆಂಡತಿ ನಾನು ಎಂದೂ ಹೇಳಿದೆ. ಅವರು ಕೆಟ್ಟವರಲ್ಲ, ಧ್ವನಿ ಏರಿಸಲಿಲ್ಲ. ಫಿಲ್ಟರ್ ಕೆಟ್ಟರೆ ನನ್ನ ನೌಕರಿ ಹೋಗತೈತ್ರಿ ಎಂದಷ್ಟೇ ಅಂದರು. ಬಾಗಿಲಿಗೆ ಬಂದವರನ್ನು ವಾಪಸ್ ಕಳಿಸುವ ಮನುಷ್ಯ ಇರುತ್ತಾನೆ ಎಂದು ನನಗೆ ಆವತ್ತು ಗೊತ್ತಾಯಿತು.

ಕಂಡಕ್ಟರ್ ನನ್ನ ಕಡೆ ತಿರುಗಿದಳು. "ಅಕ್ಕಾರ, ನಿಮಗ ಇದು ಮೊದಲ ಗೊತ್ತಿತ್ತೇನ್ರೀ?"

"ಇಲ್ಲವಾ" ಎಂದೆ.

"ಅಲ್ರೀ, ಹಾಳಿ ನಿಮ್ಮ ಕೈಯಾಗ ಕೊಟ್ಟಿದ್ದೆನಲ್ರೀ" ಎಂದರು ಮ್ಯಾನೇಜರರು, ಪಾಪ, ತಮ್ಮ ಮೇಲೆ ತಪ್ಪು ಬಾರದಿರಲಿ ಎಂದು. ನಾನು ಸೀರೆಯೊಳಗೆ ಹಾಕಿಕೊಂಡು ಬಂದಿದ್ದ ಕರಿ ನೈಲಾನಿನ ತೋಳು ಸೆರಗಿನ ಕೆಳಗೆ ಕಾಣುತ್ತಿತ್ತೋ ಏನೋ. ಅವಳ ಕಣ್ಣು ಅಲ್ಲಿಗೆ ಹೋಗಿ ನಿಂತಿತು.

ಅವಳು ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಹೇಳಿದಳು: "ನಮ್ಮವ್ವನ್ನ ಬಾವಿ ಕಟ್ಟಿ ಹತ್ತಾಕ ಬಿಡದಾವ್ರು, ಬರಬ್ಯಾಡ ಅಂತಾದ್ರೂ ಮೊದಲ ಹೇಳತಿದ್ರಂತ್ರೀ."

ಹೇಳಿ, ಟವೆಲ್ ಸರಿಮಾಡಿಕೊಂಡು ನಡೆದಳು. ಅವಳ ಹಿಂದೆ ಉಳಿದವರೂ ಹೋದರು. ದಾರಿಯಲ್ಲಿ ಕಚ್ಚೆ ಹಾಕಿದ ಸೀರೆಯಲ್ಲಿದ್ದ ಹೆಂಗಸರ ಸಾಲು ನೋಡಿ ಎದುರಿಗೆ ಬರುತ್ತಿದ್ದ ಬೈಕಿನವರಿಬ್ಬರು ನಕ್ಕದ್ದು ನನಗೆ ಗೇಟಿನವರೆಗೂ ಕೇಳಿಸಿತು.

ನಾನು ಅವರ ಹಿಂದೆ ಓಡಬೇಕಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನಾನು ಒಳಗೆ ಹೋದೆ. ಸೀರೆ ಬಿಚ್ಚಿಟ್ಟು ನೀರಿಗೆ ಇಳಿದೆ. ಒಂದೇ ಸುತ್ತು, ಆಮೇಲೆ ಹೋಗಿ ಕಾಲು ಹಿಡಿದರಾಯಿತು ಎಂದು ಇಳಿದವಳು ನಾಲ್ಕು ಗಂಟೆಯ ಸೀಟಿ ಊದುವವರೆಗೆ ಮೇಲೆ ಬರಲಿಲ್ಲ. ಔಷಧದ ವಾಸನೆಯ ನೀರು, ಆದರೂ ನೀರು. ಮೊಣಕಾಲಿನ ನೋವು ಎಲ್ಲಿ ಹೋಯಿತೋ. ಅಂಗಾತ ತೇಲಿದರೆ ಆಕಾಶವಷ್ಟೇ, ಗೋಡೆಯಾಚೆ ಹಿನ್ನೀರಿನ ತೆರೆಯ ಸಪ್ಪಳ. ಆತ ಹೋದ ಮೇಲೆ ಅಷ್ಟು ಸುಖ ನನಗೆ ಯಾವ ದಿನವೂ ಆಗಿರಲಿಲ್ಲ. ಹಳೆಯ ಗೋಡೆಯಿದ್ದ ಕಡೆ ಈಗ ಸ್ಟೀಲಿನ ಕಟಾಂಜನ ಹಾಕಿದ್ದಾರೆ. ಅದರ ಮೇಲೆ ಯಾರಿಗೂ ಕೂರಲು ಬರುವುದಿಲ್ಲ.

ಮುಂದಿನ ಬುಧವಾರ ಗೇಟಿನಲ್ಲಿ ಮೂರರಿಂದ ನಾಲ್ಕರವರೆಗೆ ಕುಳಿತೆ, ಯಾರೂ ಬರಲಿಲ್ಲ. ಅದರ ಮುಂದಿನ ಬುಧವಾರವೂ ಕುಳಿತೆ. ತಿಂಗಳು ಮುಗಿಯುತ್ತಲೇ ಗೇಟಿನ ಬೋರ್ಡಿನ ಮೇಲೆ ಬುಧವಾರದ ಹೆಂಗಸರ ವೇಳೆ ಬರೆದಿದ್ದ ಸಾಲಿಗೆ ಬಿಳಿ ಬಣ್ಣ ಹೊಡೆದರು. ಅಷ್ಟರಲ್ಲಿ ನಾನು ಬೈಲಹೊಂಗಲಕ್ಕೆ ಹೋಗಿ ಕರಿ ನೈಲಾನ್ ಬಟ್ಟೆ ತಂದು ಹನ್ನೊಂದು ಕಾಸ್ಟ್ಯೂಮ್ ಹೊಲಿದಿದ್ದೆ. ಯಾರ ಅಳತೆಯನ್ನೂ ಕೇಳಬೇಕಾಗಿರಲಿಲ್ಲ, ಎಲ್ಲ ಬಾಯಿಪಾಠ. ಮನೆಮನೆಗೆ ಒಯ್ದೆ. "ಇರಲಿ ಬಿಡ್ರೀ, ಈಗ ಯಾಕ" ಎಂದರು, ಎಲ್ಲರೂ ಮರ್ಯಾದೆಯಿಂದಲೇ. ಕಂಡಕ್ಟರ್ ಹೆಣ್ಣುಮಗಳ ಮನೆಗೆ ಎರಡು ಸಲ ಹೋದೆ, ಎರಡೂ ಸಲ ಡ್ಯೂಟಿಯಲ್ಲಿದ್ದಾಳೆ ಎಂದರು.

ಮೊನ್ನೆ ಯರಗಟ್ಟಿಯಲ್ಲಿ ಬಸ್ ಹತ್ತಿದೆ. ಅವಳದೇ ಬಸ್ಸು. ಹೆಂಗಸರಿಗೆ ಟಿಕೆಟ್ ಬಿಟ್ಟಿಯಾದಾಗಿನಿಂದ ಅವಳು ನನ್ನ ಆಧಾರ್ ಕಾರ್ಡನ್ನು ಒಮ್ಮೆಯೂ ಕೇಳಿರಲಿಲ್ಲ, ಟಿಕೆಟ್ಟನ್ನು ನನ್ನ ಮಡಿಲಿಗೆ ಹಾಕಿ ಮಾತಿಗೆ ನಿಲ್ಲುತ್ತಿದ್ದಳು. ಆವತ್ತು ನನ್ನ ಪಕ್ಕದ ಸೀಟು ಖಾಲಿ ಇತ್ತು. ಈ ಸಲ ಎಲ್ಲ ಹೇಳಿಬಿಡಬೇಕು, ದೊಡವಾಡದ ಬಾವಿಯದನ್ನೂ ಹೇಳಬೇಕು ಎಂದು ಬಾಯಿ ತೆರೆದೆ.

"ಕಾರ್ಡ್ ತೋರಸ್ರಿ" ಎಂದಳು.

ಚೀಲದೊಳಗೆ ಹುಡುಕಿ ತೆಗೆದು ಕೊಟ್ಟೆ. ಅವಳು ಅದರ ಮೇಲಿನ ಫೋಟೋ ನೋಡಿದಳು, ನನ್ನ ಮುಖ ನೋಡಿದಳು, ಹೌದೋ ಅಲ್ಲವೋ ಎಂದು ತಾಳೆ ನೋಡುವ ಹಾಗೆ. ಆಮೇಲೆ ಟಿಕೆಟ್ ಹರಿದು ಕೈಗೆ ಕೊಟ್ಟು, ಹಿಂದಿನ ಸೀಟಿನವರ ಕಡೆ ಹೋದಳು.