ಅರ್ಜಿಯಲ್ಲಿ ತೀರಿಕೊಂಡವಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿರುವ ಈ ಹೆಂಗಸನ್ನು ಅಲ್ಲಿಯವರೆಲ್ಲ ದೊಡ್ಡಕ್ಕ ಅನ್ನುತ್ತಾರೆ. ಬ್ಲೀಚಿಂಗ್ ಪುಡಿ ತಗುಲಿ ತಗುಲಿ ಅವಳ ಬೆರಳ ತುದಿಗಳು ಸೀಳಿಹೋಗಿವೆ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಕ್ಕಳಿಲ್ಲ.

ಆರು ವರ್ಷದ ಹಿಂದೆ ಹತ್ತಿರದ ಹೈಸ್ಕೂಲಿನ ಮೇಷ್ಟ್ರು ಮನೆಗೆ ಬಂದರು.

"ಹೊರದೇಶದಿಂದ ಒಬ್ಬಳು ಹುಡುಗಿ ಓದೋಕೆ ಬರ್ತಿದ್ದಾಳೆ. ಹತ್ತು ತಿಂಗಳು. ಇಟ್ಕೊಳ್ತೀಯೇನಮ್ಮ?"

"ನಮ್ಮನೇಲಿ ಏನಿದೆ ಮೇಷ್ಟ್ರೇ? ಎರಡು ಕೋಣೆ, ಒಂದು ಅಡುಗೆಮನೆ."

"ಅದಕ್ಕೇ ಇಲ್ಲಿಗೆ ಬಂದೆ. ದೊಡ್ಡ ಮನೆಯೋರೆಲ್ಲ ಜಾಗ ಇಲ್ಲ ಅಂದ್ರು."

ಹದಿನಾರರ ಹುಡುಗಿ ಬಂದಳು. ಮೊದಲ ವಾರವೆಲ್ಲ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಎರಡನೇ ತಿಂಗಳಿಗೆ ಮುರುಕು ಮಾತಿನಲ್ಲೇ ಅಮ್ಮಾ ಅನ್ನತೊಡಗಿದಳು. ಐದನೇ ತಿಂಗಳಲ್ಲಿ ದೊಡ್ಡಕ್ಕನಿಗೆ ನ್ಯುಮೋನಿಯಾ ಆಗಿ, ತಾನು ಒಗೆದ ಬೆಡ್‌ಶೀಟಿನ ಮೇಲೆ ತಾನೇ ಮೂರು ವಾರ ಮಲಗಿದಳು. ಹುಡುಗಿ ಶಾಲೆ ಬಿಟ್ಟವಳೇ ಸೀದಾ ವಾರ್ಡಿಗೆ. ಸ್ಟೂಲಿನ ಮೇಲೆ ಹೋಮ್‌ವರ್ಕ್, ನಡುವೆ ಇವಳ ತಲೆ ಬಾಚುವುದು, ನರ್ಸಿನ ಜೊತೆ ಜಗಳ. "ನಿನ್ನ ಮಗಳು ಬಾಯಿ ಜೋರು ಕಣಮ್ಮ," ಎಂದ ನರ್ಸಿಗೆ ದೊಡ್ಡಕ್ಕ, ಮಗಳಲ್ಲ ಎಂದು ಹೇಳಲು ಹೋಗಲಿಲ್ಲ. ಗುಣವಾಗಿ ಎದ್ದಳು. ಹುಡುಗಿ ಅವಧಿ ಮುಗಿಸಿ ತನ್ನ ದೇಶಕ್ಕೆ ಹೋದಳು.

ಅಲ್ಲಿ ಕಾದಿತ್ತು ಪೆಟ್ಟು. ಇಲ್ಲಿ ಓದಿದ ಹತ್ತು ತಿಂಗಳಿಗೆ ಅವಳ ಶಾಲೆ ಅಂಕ ಕೊಡಲಿಲ್ಲ, "ಹಾಜರಾಗಿದ್ದಾಳೆ" ಎಂದಷ್ಟೇ ಬರೆಯಿತು. ಕಾಲೇಜಿನ ಅರ್ಜಿಯಲ್ಲಿ ಆ ವರ್ಷದ ಅಂಕದ ಜಾಗಕ್ಕೆ ಬರೀ ಒಂದು ಗೆರೆ. ದೊಡ್ಡಕ್ಕನಿಗೆ ಪತ್ರ ಬಂತು: "ಆ ಗೆರೆ ನೋಡಿ ಎಲ್ಲರೂ ಮುಖ ಸಿಂಡರಿಸ್ತಾರೆ ಅಮ್ಮಾ. ಅರ್ಜಿ ಜೊತೆ ಕೊಡೋ ಪ್ರಬಂಧ ಮನಸ್ಸಿಗೆ ನಾಟಿದ್ರೆ ಮಾತ್ರ ಉಳೀತೀನಿ ಅಂತ ಅರ್ಜಿ ತಿದ್ದಿಕೊಡೋರು ಹೇಳಿದಾರೆ. ಸೀಟು ಸಿಕ್ಕಿದ ಕೂಡಲೇ ಅಲ್ಲಿಗೇ ಬರ್ತೀನಿ."

ಹುಡುಗಿಗಿಂತ ಮೊದಲು ಕಾಲೇಜಿನ ಪತ್ರ ಬಂತು. ಮೇಷ್ಟ್ರು ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಓದಲಾರದೆ ಓದಿದರು. ಜೊತೆಗೆ ಕಳಿಸಿದ್ದ ಹುಡುಗಿಯ ಪ್ರಬಂಧದಲ್ಲಿ ದೊಡ್ಡಕ್ಕನ ಬೆರಳಿತ್ತು, ವಾರ್ಡಿತ್ತು, ಸ್ಟೂಲಿತ್ತು. ಮೂರನೇ ವಾರದ ಒಂದು ಬೆಳಿಗ್ಗೆ ಅಮ್ಮ ಕಣ್ಣು ತೆರೆಯಲಿಲ್ಲ ಎಂದೂ ಇತ್ತು. ಇದು ನಿಜವೆಂದು ಮೃತರ ಮನೆಯವರು ಹದಿನೈದು ದಿನದೊಳಗೆ ಸಹಿ ಮಾಡಿ ಕಳಿಸಬೇಕು ಎಂದು ಕಾಲೇಜು ಕೇಳಿತ್ತು. ಸುಳ್ಳಾದರೂ ಉತ್ತರ ಬಾರದಿದ್ದರೂ ಅರ್ಜಿ ರದ್ದು.

ಗಂಡ ನಗಲು ನೋಡಿದ. "ನೀನು ಸತ್ತಿದ್ದು ನಂಗೆ ಯಾರೂ ಹೇಳ್ಲೇ ಇಲ್ವಲ್ಲೇ!"

ದೊಡ್ಡಕ್ಕ ನಗಲಿಲ್ಲ. "ಮೂರು ವಾರ ಪಕ್ಕದಲ್ಲಿ ಕೂತಿದ್ಲಲ್ಲ ಮೇಷ್ಟ್ರೇ. ಅಷ್ಟು ಬರೆದಿದ್ರೆ ಸಾಲ್ತಿರ್ಲಿಲ್ವಾ?"

"ಸಾಲಲ್ಲ ಅಂತ ಯಾರೋ ಹೇಳಿಕೊಟ್ಟಿರ್ತಾರಮ್ಮ."

ಯಾರು ಆ ಯಾರೋ? ಕಾಸು ತಗೊಂಡು ಮಕ್ಕಳ ಅರ್ಜಿ ತಿದ್ದುವ ಸಜ್ಜನರು. ಪರದೇಶದಲ್ಲಿ ಓದಿ ಬಾ, ಲೋಕ ನೋಡಿ ಬಾ ಎಂದು ಬೆನ್ನು ತಟ್ಟಿ ಕಳಿಸಿ, ಬಂದಮೇಲೆ ಆ ವರ್ಷಕ್ಕೆ ಗೆರೆ ಎಳೆಯುವ ಶಾಲೆಗಳು. ಬದುಕಿ ಎದ್ದವಳ ಕಥೆಗೆ ಆಕಳಿಸಿ, ಹೆಣ ಬಿದ್ದರೆ ಕಣ್ಣೊರೆಸಿಕೊಳ್ಳುವ ಆಯ್ಕೆ ಸಮಿತಿಗಳು. ಹದಿನೆಂಟರ ಹುಡುಗಿ ಸುಳ್ಳು ಬರೆದಳು, ತಪ್ಪೇ. ಆದರೆ ಅಂಥ ಸುಳ್ಳಿಗೇ ಬೆಲೆ ಎಂದು ಅವಳಿಗೆ ಕಲಿಸಿದವರು ಕೋಟು ಹಾಕಿಕೊಂಡು ಇಂದಿಗೂ ಕುರ್ಚಿಯಲ್ಲೇ ಕೂತಿದ್ದಾರೆ.

ಹನ್ನೆರಡು ದಿನ ಪತ್ರ ಮೇಜಿನ ಮೇಲೇ ಇತ್ತು. ಹದಿಮೂರನೇ ದಿನ ದೊಡ್ಡಕ್ಕ ಗಂಡನ ಮುಂದೆ ಪೆನ್ನಿಟ್ಟಳು.

"ಸಹಿ ಹಾಕಿ."

"ತಲೆ ಕೆಟ್ಟಿದೆಯಾ ನಿಂಗೆ? ಕಣ್ಣೆದುರಿಗೆ ಕೂತಿರೋ ಹೆಂಡ್ತೀನ ಸತ್ಲು ಅಂತ ಬರ್ಕೊಡ್ಲಾ?"

"ನಮ್ಮನೇಲಿ ಇದ್ದಿದ್ದಕ್ಕೇ ತಾನೇ ಅವಳ ಅರ್ಜೀಲಿ ಗೆರೆ ಬಿದ್ದಿದ್ದು? ಹಾಕ್ರೀ. ಸಹಿ ಹಾಕಿದ್ರೆ ನಾನೇನು ಸಾಯಲ್ಲ."

ಬಸ್ಸಿನ ಇಂಜಿನನ್ನೇ ಬಿಚ್ಚಿ ಜೋಡಿಸುವ ಕೈ ಪೆನ್ನು ಹಿಡಿಯಿತು. ಸಹಿ ಸೊಟ್ಟಗೆ ಬಿತ್ತು. ಅಂಚೆಗೆ ಹಾಕಲು ಮೇಷ್ಟ್ರು ಒಪ್ಪಲಿಲ್ಲ, ಅವಳೇ ಹೋಗಿ ಹಾಕಿ ಬಂದಳು.

ಎರಡು ತಿಂಗಳಿಗೆ ಕಾಲೇಜಿನಿಂದ ಗಂಡನ ಹೆಸರಿಗೆ ದಪ್ಪ ಲಕೋಟೆ ಬಂತು. ನಿಮ್ಮ ಪತ್ನಿಯ ಅಗಲಿಕೆಗೆ ನಮ್ಮ ಸಂತಾಪ; ಅವರು ಮಗಳಂತೆ ಕಂಡ ವಿದ್ಯಾರ್ಥಿನಿಗೆ ಸೀಟು ಕೊಟ್ಟಿದ್ದೇವೆ. ದೊಡ್ಡಕ್ಕ ಎರಡನೇ ವಾಕ್ಯವನ್ನು ಇನ್ನೊಂದು ಸಲ ಓದಿಸಿದಳು.

ಹುಡುಗಿಯಿಂದ ಮಾತ್ರ ಮತ್ತೆ ಕಾಗದ ಬರಲಿಲ್ಲ. ಆ ಸಹಿ ಅಲ್ಲಿಗೆ ತಲುಪಿತೆಂದರೆ ಇಲ್ಲಿ ಎಲ್ಲ ಗೊತ್ತಾಗಿದೆ ಎಂದೇ ಅರ್ಥ. ಅವಳು ಯಾವ ಮುಖ ಇಟ್ಟುಕೊಂಡು ಬರೆದಾಳು? ಇವಳೂ ಬರೆಯಲಿಲ್ಲ. ತೀರಿಕೊಂಡವಳ ಕಾಗದ ಯಾರ ಕೈಗಾದರೂ ಸಿಕ್ಕಿದರೆ ಹುಡುಗಿಯ ಓದಿಗೆ ಕುತ್ತು. ಹೀಗೆ ನಾಲ್ಕು ವರ್ಷ ಕಳೆಯಿತು. ಅವಳ ಓದು ಮುಗಿಯಿತು ಎಂದು ಮೇಷ್ಟ್ರು ಖಚಿತ ಮಾಡಿಕೊಂಡ ಮೇಲೆಯೇ, ಅವರ ಬಾಯಿಂದ ಇದೆಲ್ಲ ಕೇಳಿದ ನಾನು ಇದನ್ನು ಬರೆಯುತ್ತಿರುವುದು.

ಮೊನ್ನೆ ನಾನು ಆಸ್ಪತ್ರೆಗೆ ಹೋದಾಗ ದೊಡ್ಡಕ್ಕ ಜೊತೆಯವಳೊಬ್ಬಳೊಂದಿಗೆ ಬೆಡ್‌ಶೀಟ್ ಮಡಿಸುತ್ತಿದ್ದಳು.

"ನಿಮ್ಮ ಹುಡುಗಿ ಓದು ಮುಗೀತಂತೆ ದೊಡ್ಡಕ್ಕ. ಇನ್ನಾದ್ರೂ ಬರ್ತಾಳಾ?" ಎಂದು ಕೇಳಿದಳು ಆಕೆ.

ದೊಡ್ಡಕ್ಕ ಬಟ್ಟೆಯ ಅಂಚು ಸರಿಮಾಡಿದಳು.

"ಎಲ್ಲಿಗೆ ಬರ್ತಾಳೆ? ಇಲ್ಲಿ ಯಾರಿದಾರೆ ಅಂತ ಬರ್ತಾಳೆ?"